ಒಂದು ಉಳಿಗೆ ಒಂದೇ ಕೈ

ಫೋನು ನನ್ನ ಕೈಯಲ್ಲೇ ಇತ್ತು. ತಂಗಿ ಯಾದಗಿರಿಯಿಂದ ಕರೆ ಮಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ನನ್ನ ಫೋನಿಗೆ ಬಂದು ಕೂತಿದ್ದ ಒಂದು ಒಟಿಪಿ ನಂಬರು, ಅಷ್ಟೇ. ನಾನು ಎತ್ತಲಿಲ್ಲ. ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ನಾನು ಸಾಗವಾನಿ ಹಲಗೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ.

ಇದನ್ನು ಬರೆಯುತ್ತೇನೆ ಎಂದಾಗ ಮನೆಯಲ್ಲಿ ಬೇಡ ಎಂದರು. ಅಣ್ಣ ತಂಗಿಯ ಮಾತು ಮನೆಯೊಳಗೇ ಇರಲಿ ಎಂದರು. ಯಾಕೆ ಇರಬೇಕು? ನಾನು ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಬರೆಯುವುದು ನನಗೆ ಕೆತ್ತುವುದಕ್ಕಿಂತ ಕಷ್ಟ. ಆದರೂ ಬರೆಯುತ್ತೇನೆ. ಏಕೆಂದರೆ ನನ್ನ ಪರವಾಗಿ ಮಾತಾಡುವವರು ಊರಲ್ಲಿ ಬಹಳ ಮಂದಿ ಇದ್ದಾರೆ. ಪಾಪ, ಓದದವನು, ಕಂಪ್ಯೂಟರಿನ ಭಾನಗಡಿ ಅವನಿಗೇನು ತಿಳಿಯಬೇಕು ಅನ್ನುತ್ತಾರೆ. ಅವರ ಬಾಯಿ ಮುಚ್ಚಿಸಬೇಕಾಗಿದೆ. ನನಗೆ ತಿಳಿದಿತ್ತು. ಇಂಗ್ಲಿಷ್ ಓದಲು ಬಾರದವನಿಗೆ ಫೋನಿನ ಮೇಲೆ ಮೂಡಿದ ತನ್ನ ತಂಗಿಯ ಹೆಸರೂ ಓದಲು ಬರುವುದಿಲ್ಲವೇ?

ನಮ್ಮದು ಬಡಗಿತನದ ಮನೆ. ಶಹಾಪುರದಲ್ಲಿ, ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ, ನಮ್ಮ ತಗಡಿನ ಶೆಡ್ಡು ಇದೆ. ಅಪ್ಪ ಬಾಗಿಲು, ಚೌಕಟ್ಟು, ದೇವರ ಮಂಟಪ ಮಾಡುತ್ತಿದ್ದ. ಅವನ ಉಳಿಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ನಾನು ಶಾಲೆ ಬಿಟ್ಟು ಶೆಡ್ಡಿಗೆ ಬಂದಾಗ ನನಗೆಂದೇ ಬೇರೆ ಉಳಿಗಳನ್ನು ಕಮ್ಮಾರನ ಹತ್ತಿರ ಮಾಡಿಸಿ ಕೊಟ್ಟ. "ಒಂದ ಉಳಿಗಿ ಒಂದ ಕೈ" ಅನ್ನುತ್ತಿದ್ದ. ಒಬ್ಬೊಬ್ಬರು ಉಳಿ ಹಿಡಿಯುವ ರೀತಿ ಬೇರೆ, ಸಾಣೆ ಹಿಡಿಯುವ ರೀತಿ ಬೇರೆ. ಎರಡು ಕೈ ಬಿದ್ದರೆ ಉಳಿಯ ಬಾಯಿ ಹಾಳಾಗುತ್ತದೆ. ಪಕ್ಕದ ಕಟ್ಟಿಗೆ ಕೊಯ್ಯುವ ಸಾಮಿಲ್ಲಿನ ಚಾಚಾ ಒಮ್ಮೆ, ಸಣ್ಣ ಕೆಲಸವಿದೆ, ಒಂದು ಉಳಿ ಕೊಡು ಎಂದು ಕೇಳಿದ್ದ. ಅಪ್ಪ ಎದ್ದು ನಿಂತು, "ಬೇಕಂದ್ರ ನನ್ನ ಕರಕೊಂಡು ಹೋಗು, ಉಳಿ ಕೊಡಂಗಿಲ್ಲ" ಎಂದಿದ್ದ. ಚಾಚಾ ನಿಜಕ್ಕೂ ಅಪ್ಪನನ್ನೇ ಕರೆದುಕೊಂಡು ಹೋದ.

ತಂಗಿಗೆ ಅಪ್ಪ ಉಳಿ ಮಾಡಿಸಿ ಕೊಡಲಿಲ್ಲ. ಅವಳ ಕೈಯಲ್ಲಿ ಇದ್ದದ್ದು ಬಡಗಿಯ ಚಪ್ಪಟೆ ಪೆನ್ಸಿಲು. ಹಲಗೆಯ ಮೇಲೆ ಅವಳು ಗೆರೆ ಹಾಕುತ್ತಿದ್ದಳು, ಅಪ್ಪ ಆ ಗೆರೆಯ ಮೇಲೆ ಉಳಿ ನಡೆಸುತ್ತಿದ್ದ. ಗಿರಾಕಿಗಳು ಚೆನ್ನಾಗಿದೆ ಅಂದರೆ ಅಪ್ಪ ತಡಮಾಡದೆ ಹೇಳುತ್ತಿದ್ದ: "ಗೆರಿ ಆಕೀದು, ಕೆತ್ತಿದ್ದು ನಂದು." ಅವಳಿನ್ನೂ ಎರಡು ಜಡೆಯ ಹುಡುಗಿ. ಆ ಮಾತು ಕೇಳಿ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ದೊಡ್ಡ ಮೇಸ್ತ್ರಿಯ ಹಾಗೆ ನಿಲ್ಲುತ್ತಿದ್ದಳು.

ಅಪ್ಪ ಹೋದ ಮೇಲೆ ಕೈಕೆತ್ತನೆಗೆ ಕಾಯುವ ಗಿರಾಕಿಗಳೂ ಹೋದರು. ಎಲ್ಲರಿಗೂ ಬೇಗ ಬೇಕು. ನಾನು ಕೆತ್ತನೆಯ ಮಷೀನು ತಂದೆ. ಕಂಪ್ಯೂಟರಿನಲ್ಲಿ ಯಾವ ಚಿತ್ರ ಬರೆದಿರುತ್ತೇವೋ ಅದನ್ನೇ ಮಷೀನಿನ ಮೊನೆ ಕಟ್ಟಿಗೆಯಲ್ಲಿ ಕೊರೆಯುತ್ತದೆ. ಹಾಗಾಗಿ ಬರೆಯುವ ಕೈ ಬೇಕು. ಕೈ ಮನೆಯಲ್ಲೇ ಇತ್ತು. ತಂಗಿ ಪಿಯುಸಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೂ ಹೋಗಿದ್ದಳು. ಆಗ ಅವಳಿಗೆ ಸುರಪುರಕ್ಕೆ ಮದುವೆಯಾಗಿತ್ತು, ಗಂಡ ಲೈನ್‌ಮನ್. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು.

ಡಿಸೈನ್ ಸಾಫ್ಟ್‌ವೇರ್ ಹಾಕಿಕೊಡಲು ಕಲಬುರಗಿಯಿಂದ ಒಬ್ಬ ಬಂದ. ಮುಂಜಾನೆಯಿಂದ ಅವನು ಕಲಿಸಿದ್ದು ನನಗಲ್ಲ. ನಾನು ಹಿಂದೆ ನಿಂತು ಚಹಾ ತರಿಸುವುದು, ಫ್ಯಾನ್ ತಿರುಗಿಸುವುದು ಮಾಡುತ್ತಿದ್ದೆ. ಕಲಿತವಳು ತಂಗಿ. ಅವನು ಒಂದು ಹೇಳಿದರೆ ಅವಳು ಎರಡು ಕೇಳುತ್ತಿದ್ದಳು. ನಮ್ಮ ಬಾಗಿಲುಗಳ ಎಲ್ಲ ಚಿತ್ರಗಳೂ ಒಂದೇ ಕಡೆ ಇರುವಂತೆ ಅವನು ಒಂದು ಪ್ರಾಜೆಕ್ಟ್ ಮಾಡಿದ. ಮಾಡುತ್ತಾ ನನ್ನ ಕಡೆ ತಿರುಗಿ ಕೇಳಿದ.

"ಇದನ್ನ ಒಬ್ಬರ ತೆರಿತೀರೋ, ನಾಕ ಮಂದಿ ತೆರಿತೀರೋ? ಒಬ್ಬರಂತ ಹಾಕಿದ್ರ ಒಬ್ಬರ ಹೆಸರು, ಒಬ್ಬರ ಫೋನ್ ನಂಬರ್. ಅವರ ಬಿಟ್ಟು ಮತ್ತ್ಯಾರಿಗೂ ಗೆರಿ ತಿದ್ದಾಕ ಬರಂಗಿಲ್ರಿ. ಬರೇ ನೋಡಬಹುದು, ಅದೂ ಈ ಕಂಪ್ಯೂಟರ್‌ನ್ಯಾಗ ಅಷ್ಟ. ಬ್ಯಾರೆ ಕಂಪ್ಯೂಟರ್‌ನ್ಯಾಗ ತೆರಿಬೇಕಂದ್ರ ಪ್ರತಿ ಸಲ ಅದ ಫೋನಿಗಿ ಒಟಿಪಿ ನಂಬರ್ ಬರ್ತದ, ಅದನ್ನ ಹಾಕಿದ್ರ ತೆರಿತದ."

"ಒಬ್ಬರ" ಎಂದೆ ನಾನು. "ಒಂದ ಉಳಿಗಿ ಒಂದ ಕೈ. ನಮ್ಮ ಮನಿ ಪದ್ಧತಿ."

ತಂಗಿ ನಕ್ಕಳು. ಅಪ್ಪನ ಮಾತು ಬಂತೆಂದು ಅವಳಿಗೆ ಖುಷಿ. ತೊಡೆಯ ಮೇಲಿದ್ದ ತನ್ನ ಫೋನನ್ನು ತೆಗೆದು ಅವನಿಗೆ ಕೊಡಲು ಕೈ ಚಾಚಿದಳು.

"ಯಾರ ನಂಬರ್ ಹಾಕಲ್ರಿ?" ಎಂದ ಅವನು.

"ನಂದು ಹಾಕ್ರಿ" ಎಂದೆ ನಾನು.

ಅವನು ತಂಗಿಯನ್ನು ನೋಡಿದ, ನನ್ನನ್ನು ನೋಡಿದ. "ತಿದ್ದೋರು ನೀವ ಏನ್ರಿ?"

"ಅಂಗಡಿ ನಂದು" ಎಂದೆ.

ತಂಗಿ ಚಾಚಿದ್ದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಆಮೇಲೆ ಅವಳು ಅದನ್ನು ಹಿಂದೆ ಎಳೆದುಕೊಂಡು, ಫೋನನ್ನು ಮತ್ತೆ ತೊಡೆಯ ಮೇಲಿಟ್ಟು, ಮೇಲೆ ಸೆರಗು ಹಾಕಿಕೊಂಡಳು. ಅವನು ಹೋದ ಮೇಲೆ ಕೇಳಿದಳು.

"ಅಣ್ಣಾ, ಇನ್ನ ನಾ ಗೆರಿ ಹಾಕಬೇಕಂದ್ರ ನಿನ್ನ ನಂಬರ್ ಕೇಳಬೇಕೇನು?"

"ಕೇಳಿದ್ರ ಏನಾತು? ನಾ ಏನ ಬ್ಯಾರೆಯವನೇನು?"

"ಬ್ಯಾರೆಯವರಾಗಿದ್ರ ಕೇಳಾಕ ಇಷ್ಟ ಕಷ್ಟ ಆಗ್ತಿದ್ದಿಲ್ಲ."

ಯಾಕೆ ಹಾಗೆ ಮಾಡಿದೆ? ಇಷ್ಟು ವರ್ಷ ನನ್ನ ಕೈಯಲ್ಲಿ ಉಳಿ ಇತ್ತು. ಮಷೀನು ಬಂದ ದಿನ ಉಳಿ ಪೆಟ್ಟಿಗೆ ಸೇರಿತು. ಇನ್ನು ಬರೆಯುವವಳು ತಂಗಿ, ಕೊರೆಯುವುದು ಮಷೀನು, ನಾನು ಹಲಗೆ ಎತ್ತಿಡುವ ಕೂಲಿ. ಕನಿಷ್ಠ ಹೆಸರಾದರೂ ನನ್ನದಿರಲಿ ಅನ್ನಿಸಿತು. ಇದು ಕಾರಣ. ಕ್ಷಮೆಗೆ ಇದು ಸಾಲುವುದಿಲ್ಲ, ಮತ್ತು ಸಾಲಬೇಕೆಂದು ನಾನು ಬರೆಯುತ್ತಲೂ ಇಲ್ಲ.

ಅವಳು ಸುರಪುರಕ್ಕೆ ಹೋದಳು. ಗಂಡ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟ. ಕೂಸು ಮಲಗಿದಾಗ ಅವಳು ಪ್ರಾಜೆಕ್ಟ್ ತೆರೆಯುವಳು, ನನ್ನ ಫೋನಿಗೆ ನಂಬರು ಬರುವುದು, ಅವಳು ಕರೆ ಮಾಡುವಳು, ನಾನು ಒಂದೊಂದೇ ಅಂಕಿ ಓದುವೆನು. ಮೊದಮೊದಲು ನಗುತ್ತಿದ್ದಳು.

"ನಿಂದು ಒಳ್ಳೆ ರೇಷನ್ ಅಂಗಡಿ ಆತಲ್ಲೋ ಅಣ್ಣಾ. ನೀ ಹೆಬ್ಬೆಟ್ಟ ಒತ್ತಲಿಲ್ಲಂದ್ರ ನನಗ ಅಕ್ಕಿ ಇಲ್ಲ."

"ಅಕ್ಕಿ ತಗೊಂಡು ಬೇಗ ಬೇಗ ಬೇಯಸು. ಗಿರಾಕಿ ಕಾಯಾಕತ್ತಾರ."

ಅವಳು ಬೇಯಿಸಿದಳು. ಎಲ್ಲ ಬಾಗಿಲಿಗೂ ಅದೇ ನವಿಲು, ಅದೇ ಮಾವಿನಕಾಯಿ, ಅದೇ ಹಂಸ ಇರುತ್ತಿದ್ದ ಕಾಲದಲ್ಲಿ ಅವಳು ಸುರಪುರ ಹತ್ತಿರದ ಬೋನಾಳ ಕೆರೆಯ ಹಕ್ಕಿಗಳನ್ನು ಬಾಗಿಲಿಗೆ ತಂದಳು. ಗಂಡನ ಹಿಂದೆ ಬೈಕಿನಲ್ಲಿ ಕೂತು ಹೋಗಿ, ಕೂಸನ್ನು ಅವನ ಕೈಗೆ ಕೊಟ್ಟು, ಕೆರೆ ದಂಡೆಯಲ್ಲಿ ಕೂತು ನೋಡಿ ಬಂದು ಬರೆದಳು. ಎರಡು ಉದ್ದ ಕುತ್ತಿಗೆಯ ಹಕ್ಕಿಗಳು, ಬಾಗಿಲಿನ ಎರಡು ಕದಗಳಲ್ಲಿ ಎದುರುಬದುರು, ಹೊಸ್ತಿಲ ಕಡೆ ಬಾಗಿ ನಿಂತಿವೆ. ಬಾಗಿಲು ಮುಚ್ಚಿದರೆ ಎರಡೂ ಕೊಕ್ಕು ಒಂದನ್ನೊಂದು ಮುಟ್ಟುತ್ತವೆ. ತೆರೆದರೆ ಬಂದವರಿಗೆ ದಾರಿ ಬಿಟ್ಟು ಸರಿದು ನಿಂತಂತೆ ಕಾಣುತ್ತವೆ. ಅದನ್ನು ನೋಡಿದ ಮಂದಿ ಬೇರೆ ಬಾಗಿಲು ಕೇಳುವುದನ್ನೇ ಬಿಟ್ಟರು.

ಒಬ್ಬರದೇ ಹೆಸರಿನ ಪ್ರಾಜೆಕ್ಟಿಗೆ ಇನ್ನೊಂದು ಗುಣವಿದೆ. ಒಂದೇ ಹೊತ್ತಿಗೆ ಎರಡು ಕಡೆ ತೆರೆದಿರುವುದಿಲ್ಲ. ನಾನು ಶೆಡ್ಡಿನಲ್ಲಿ ತೆರೆದರೆ ಸುರಪುರದಲ್ಲಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಮೊದಲು ಅದು ಏನೋ ಇಂಗ್ಲಿಷಿನಲ್ಲಿ ಕೇಳುತ್ತದೆ, ನಾನು ಹೌದು ಅನ್ನುವ ಗುಂಡಿ ಒತ್ತುತ್ತಿದ್ದೆ. ಒಮ್ಮೆ ಗಿರಾಕಿಗಳ ಮುಂದೆ ದೊಡ್ಡಸ್ತಿಕೆ ತೋರಿಸಲು ಹಾಗೆ ಒತ್ತಿದೆ. ಅತ್ತ ಅವಳು ಮಧ್ಯಾಹ್ನವೆಲ್ಲ ಕೂತು ತಿದ್ದಿದ್ದು ಉಳಿಯದೇ ಹೋಯಿತು.

"ಏನ ಮಾಡಿದ್ಯೋ ಅಣ್ಣಾ?"

"ಗಿರಾಕಿ ಬಂದಿದ್ರು. ತೋರಸಾಕತ್ತಿದ್ದೆ."

"ತೋರಸಾಕ ಹೋಗಿ ಹಕ್ಕಿ ಕುತ್ತಗಿ ಕೊಯ್ದಿ. ಮತ್ತ ಮೊದಲಿಂದ ಹಾಕಬೇಕು ನಾ."

ಮತ್ತೆ ಮೊದಲಿನಿಂದ ಹಾಕಿದಳು. ಆಗಲೂ ನಾನು ಅವಳ ಹೆಸರು ಸೇರಿಸೋಣ ಎನ್ನಲಿಲ್ಲ.

ಯಾದಗಿರಿ ಹತ್ತಿರದ ಮುದನಾಳದಲ್ಲಿ ಒಬ್ಬ ಮೇಷ್ಟ್ರು ಹೊಸ ಮನೆ ಕಟ್ಟಿಸಿದರು. ಬಾಗಿಲು ನಮ್ಮದು, ಹಕ್ಕಿಗಳದೇ. ನಮ್ಮ ಕಡೆ ಗೃಹಪ್ರವೇಶದಲ್ಲಿ ಬಾಗಿಲು ಮಾಡಿದವನಿಗೆ ಮೊದಲ ಮರ್ಯಾದೆ. ಹೊಸ ಬಾಗಿಲ ಮುಂದೆ ಮಣೆ ಹಾಕಿ ಕೂರಿಸಿ, ಕುಂಕುಮ ಹಚ್ಚಿ, ರುಮಾಲು ಸುತ್ತಿ, ಆಯೇರಿ ಎಂದು ಉಡುಗೊರೆಯ ಬಟ್ಟೆ ಕೊಡುತ್ತಾರೆ. ಆಮೇಲೆ ಅವನೇ ಬಾಗಿಲಿಗೆ ಕೈ ಹಚ್ಚಿ ತೆರೆಯಬೇಕು. ಅಲ್ಲಿಯವರೆಗೆ ಮನೆಯ ಯಜಮಾನನೂ ಹೊರಗೇ ನಿಂತಿರಬೇಕು. ಅಪ್ಪನಿಗೆ ಹಾಗೆ ರುಮಾಲು ಸುತ್ತುವುದನ್ನು ನಾನು ಚಿಕ್ಕವನಿದ್ದಾಗ ನೋಡಿ ಆಸೆಪಟ್ಟಿದ್ದೆ.

ಮೇಷ್ಟ್ರ ಹೆಂಡತಿ ತಂಗಿಯನ್ನೂ ಕರೆದಿದ್ದರು. ಹಕ್ಕಿಯ ಕಣ್ಣು ಹೇಗಿರಬೇಕು, ಬಳ್ಳಿ ಎಷ್ಟು ಏರಬೇಕು ಎಂದು ಅವರಿಬ್ಬರೂ ಫೋನಿನಲ್ಲಿ ಬಹಳ ಸಲ ಮಾತಾಡಿದ್ದರು. ಅವಳು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಹೆಣ್ಣುಮಕ್ಕಳ ಗುಂಪಿನಲ್ಲಿ ನಿಂತಿದ್ದಳು. ನನಗೆ ರುಮಾಲು ಸುತ್ತಿದರು. ಬಂದ ಹಿರಿಯರಲ್ಲಿ ಒಬ್ಬರು, ಯಾದಗಿರಿಯಲ್ಲಿ ಬಾಗಿಲುಗಳ ದೊಡ್ಡ ಅಂಗಡಿ ಇಟ್ಟವರು, ಕದವನ್ನು ಸವರಿ ನೋಡಿ ಕೇಳಿದರು.

"ಇಂಥಾ ಹಕ್ಕಿ ಹ್ಯಾಂಗ ತೆಲಿಗಿ ಬಂದ್ವು ಮೇಸ್ತ್ರಿ?"

ಅಪ್ಪನಾಗಿದ್ದರೆ ಎರಡೇ ಮಾತಿನಲ್ಲಿ ಹೇಳುತ್ತಿದ್ದ. ನಾನು ರುಮಾಲು ಸರಿ ಮಾಡಿಕೊಂಡು, "ಕೈ ತಾನ ಹೋಗ್ತದರಿ" ಎಂದೆ.

ಮೇಷ್ಟ್ರ ಹೆಂಡತಿಗೆ ತಡೆಯಲಾಗಲಿಲ್ಲ. "ಅಯ್ಯ, ಯಾವ ಕೈ? ಗೆರಿ ಇವರ ತಂಗೀದು. ನನ್ನ ಕೇಳಿ ಕೇಳಿ ಹಾಕ್ಯಾಳ. ಇಲ್ಲೇ ನಿಂತಾಳಲ್ಲ!"

ಎಲ್ಲರೂ ತಿರುಗಿ ನೋಡಿದರು. ಯಾದಗಿರಿ ಅಂಗಡಿಯವರೂ ನೋಡಿದರು. ಆಗಲಾದರೂ ಎದ್ದು ಮಣೆ ಬಿಟ್ಟುಕೊಡಬಹುದಿತ್ತು. "ಹೌದರಿ, ಆಕೀನೂ ಒಂಚೂರು ಹಸ್ತ ಹಚ್ಚತಾಳ" ಎಂದು ನಗೆಯಾಡಿ, ಎದ್ದು ಬಾಗಿಲು ತೆರೆದೆ. ಹಕ್ಕಿಗಳು ಸರಿದು ದಾರಿ ಬಿಟ್ಟವು.

ವಾಪಸು ಬಸ್ಸಿನಲ್ಲಿ ಅವಳು ಜಗಳ ಮಾಡುತ್ತಾಳೆಂದು ಕಾದೆ. ಶಹಾಪುರ ಬರುವ ತನಕ ಕಿಟಕಿಯಿಂದ ಹೊರಗೆ ನೋಡಿದಳು. ನಾನು ಇಳಿಯುವಾಗ ಮಾತ್ರ ಹೇಳಿದಳು.

"ರುಮಾಲ ನಿನಗ ಚೊಲೊ ಒಪ್ಪೇದ ಅಣ್ಣಾ."

ಕೆಲವು ದಿನ ಕಳೆದು ಅವಳೇ ಕರೆ ಮಾಡಿದಳು. ದನಿಯಲ್ಲಿ ಆ ಎರಡು ಜಡೆಯ ಹುಡುಗಿ ಇದ್ದಳು.

"ಅಣ್ಣಾ, ಯಾದಗಿರಿ ಅಂಗಡಿಯವರು ಕರದಾರ. ಅವರ ಬಾಗಲಕ್ಕೂ ಡಿಸೈನ್ ಮಾಡಿ ಕೊಡಬೇಕಂತ. ನನ್ನ ಹೆಸರಲೇ. ನಿನ್ನ ಕೆಲಸ ನಾ ಬಿಡಂಗಿಲ್ಲ, ಅದು ಅದರ ಪಾಡಿಗಿ ಇರ್ತದ. ಇಲ್ಲಿತನಕ ಮಾಡಿದ್ದೆಲ್ಲಾ ತೆರೆದು ತೋರಸಂತ ಹೇಳ್ಯಾರ. ನಾ ಹೋಗೋ ದಿನ ಫೋನ ಕೈಯಾಗ ಇಟಗೊ."

"ಇಟಗೋತೀನಿ" ಎಂದೆ.

ಆ ಮಾತು ಮಾತ್ರ ಉಳಿಸಿಕೊಂಡೆ. ಅವತ್ತು ಬೆಳಗಿನಿಂದ ಫೋನು ಕೈಯಲ್ಲೇ ಇತ್ತು. ಮೊದಲು ನಂಬರು ಬಂತು. ಅವಳು ಅಲ್ಲಿ ಅವರ ಮುಂದೆ ಲ್ಯಾಪ್‌ಟಾಪ್ ತೆರೆದಿದ್ದಾಳೆ ಎಂದು ಅದರಿಂದಲೇ ತಿಳಿಯಿತು. ಆಮೇಲೆ ಕರೆ ಬಂತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನೇನೋ ದೊಡ್ಡ ವಿಚಾರ ನಡೆಯಿತು ಅಂದರೆ ಸುಳ್ಳಾಗುತ್ತದೆ. ಇಷ್ಟೇ ನಡೆದದ್ದು: ನಾನು ಸುಮ್ಮನಿದ್ದರೆ ಸಾಕು. ಬೇಡ ಎನ್ನಬೇಕಾಗಿಲ್ಲ, ಜಗಳ ಆಡಬೇಕಾಗಿಲ್ಲ, ಕೆಟ್ಟವನಾಗಬೇಕಾಗಿಲ್ಲ. ಬರೀ ಸುಮ್ಮನಿದ್ದರೆ ಆಯಿತು. ಸುಮ್ಮನಿದ್ದೆ.

ಸಂಜೆ ಅವಳು ಮತ್ತೆ ಕರೆ ಮಾಡಿದಳು. ಎತ್ತಿದೆ.

"ಫೋನ ಚಾರ್ಜಿಗಿ ಹಾಕಿದ್ದೆ. ನೋಡಿದ್ದಿಲ್ಲ" ಎಂದು ಅವಳು ಕೇಳುವ ಮೊದಲೇ ಹೇಳಿದೆ.

"ಹೌದಾ?" ಎಂದಳು. "ಅವರು ಭಾಳ ಹೊತ್ತು ಕುಂತ್ರು ಪಾಪ. ಆಮ್ಯಾಲ ಅಂದ್ರು, ನಿನ್ನ ಡಿಸೈನ್ ನಿನಗ ತೆರ್ಯಾಕ ಬರಲಿಲ್ಲಂದ್ರ ಅವು ನಿನ್ನವು ಹ್ಯಾಂಗವಾ ಅಂತ. ನಾ ಲ್ಯಾಪ್‌ಟಾಪ್ ಮುಚ್ಚಿಕೊಂಡು ಬಂದೆ."

"ಮತ್ತೊಮ್ಮೆ ಹೋದ್ರಾತು."

"ಇರ್ಲಿ ಬಿಡು."

ಅಂದಿನಿಂದ ಅವಳು ನಂಬರು ಕೇಳಲಿಲ್ಲ. ಪ್ರಾಜೆಕ್ಟ್ ತೆರೆಯಲಿಲ್ಲ. ಕರೆ ಮಾಡಿದರೆ ಕೂಸಿನ ನೆಗಡಿ, ಅವ್ವನ ಮೊಣಕಾಲು, ಜೋಳದ ರೇಟು. ಬಾಗಿಲ ಮಾತು ಬಂದರೆ, "ಕೂಸು ಅಳಾಕತ್ತದ" ಎಂದು ಇಡುತ್ತಿದ್ದಳು. ನನಗೆ ಸಿಟ್ಟೇ ಬಂತು. ಬೇಡವಾದರೆ ಬಿಡಲಿ, ನನ್ನ ಹೆಸರಿನ ಪ್ರಾಜೆಕ್ಟು, ನಾನೇ ಮಾಡಿಕೊಳ್ಳುತ್ತೇನೆ ಎಂದು ಕಂಪ್ಯೂಟರಿನ ಮುಂದೆ ಕೂತೆ.

ಹಳೆಯ ಬಾಗಿಲುಗಳನ್ನು ಹಾಗೆಯೇ ಮತ್ತೆ ಕೊರೆಯಲು ತೊಂದರೆಯಿರಲಿಲ್ಲ. ಆದರೆ ಒಬ್ಬರಿಗೆ ಅದೇ ಹಕ್ಕಿ ಬೇಕು, ಬಾಗಿಲು ಮಾತ್ರ ಎತ್ತರ. ನಾನು ಚಿತ್ರವನ್ನು ಮೇಲಕ್ಕೆ ಎಳೆದೆ. ಎಳೆದಂತೆ ಹಕ್ಕಿಗಳೂ ಎದ್ದವು. ಮಷೀನಿಗೆ ಕೊಟ್ಟೆ, ಮಷೀನು ಕೊರೆದು ಇಟ್ಟಿತು. ಸಾಮಿಲ್ಲಿನ ಚಾಚಾ ಬಂದು ನೋಡಿ ನಿಂತ.

"ಯೇ ಕ್ಯಾ ಬೇಟಾ? ಹಕ್ಕಿ ಅವಾ ಇವು, ನುಗ್ಗಿಕಾಯಿ ಅವಾ?"

"ಎತ್ತರ ಬಾಗಲ ಚಾಚಾ."

"ಬಾಗಲ ಎತ್ತರ ಆದ್ರ ಹಕ್ಕಿಗಿ ಯಾಕ ಗಲ್ಲಿಗೇರಸ್ತಿ? ಬೆಹನ್ ಕೈ ಇಲ್ಲ ಇದರಾಗ, ಕುರುಡನಿಗೂ ಗೊತ್ತಾಗ್ತದ."

ಅವ್ವ ಅಲ್ಲೇ ನೆರಳಿಗೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಚಾಚಾ ಹೋದ ಮೇಲೆ ತಲೆ ಎತ್ತದೆಯೇ ಕೇಳಿದಳು.

"ಆಕಿ ಯಾಕ ಬಿಟ್ಟಾಳ?"

"ನನಗೇನ ಗೊತ್ತು. ನಮ್ಮ ಮನಿ ಪದ್ಧತಿ ಆಕಿಗಿ ಒಗ್ಗಲಿಲ್ಲ. ಒಂದ ಉಳಿಗಿ ಒಂದ ಕೈ ಅಂತ ಅಪ್ಪನ ಹೇಳ್ಯಾನ."

ಅವ್ವ ಮೊರವನ್ನು ಕೆಳಗಿಟ್ಟಳು. "ಅಪ್ಪಂದು ಅರ್ಧಾ ಮಾತು ನೆಪ್ಪಿಟ್ಟೀದಿ ನೀ. ನಿನ್ನ ಉಳಿ ಯಾರು ಮಾಡಿಸಿದ್ರು?"

"ಅಪ್ಪ."

"ಅವನ ಮಾಡಿಸಿದ್ದ, ಅವನ ಅಂಗಡ್ಯಾಗ ಇತ್ತು. ನಿನ್ನ ಕೈಗಿ ಕೊಟ್ಟ ಮ್ಯಾಲ ಒಂದಿನಾರ ಅದನ್ನ ಮುಟ್ಟಿದ್ನೇನು? ತನ್ನ ಉಳಿ ಮುರದಾಗೂ ನಿನ್ನ ಕೇಳ್ಯಾನ, ನೀನ ಕೆತ್ತಿ ಕೊಡಂತ. ಉಳಿ ಹಿಡದ ಕೈದು. ಮಾಡಿಸಿದವಂದೂ ಅಲ್ಲ, ಅಂಗಡೀದೂ ಅಲ್ಲ."

ನನಗೆ ನೆನಪಾಯಿತು. ಅವ್ವ ಹೇಳಿದ್ದು ನಿಜ. ಅಪ್ಪ ನನ್ನ ಉಳಿಯ ಮುಂದೆ ಕೈ ಕಟ್ಟಿ ನಿಂತು, "ಇಷ್ಟ ತೆಗದು ಕೊಡಪಾ" ಎಂದಿದ್ದ. ಆಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಿರಲಿಲ್ಲ.

ಮರುದಿನ ಕಲಬುರಗಿಯವನಿಗೆ ಫೋನ್ ಮಾಡಿದೆ.

"ಸುಲಭ ಅದರಿ" ಎಂದ. "ಒಬ್ಬರಂತ ಇದ್ದದ್ದನ್ನ ಇಬ್ಬರಂತ ಮಾಡ್ತೀನಿ. ನೀವೂ ತೆರೀರಿ, ಅವರೂ ತೆರೀಲಿ. ಜಗಳಿಲ್ಲ."

"ಇಬ್ಬರಂತ ಬ್ಯಾಡ. ಒಬ್ಬರಂತನ ಇರ್ಲಿ. ನನ್ನ ಹೆಸರ ತೆಗದು ಆಕೀದು ಹಾಕಬೇಕು."

"ಅಲ್ರಿ, ಹಂಗ ಮಾಡಿದ್ರ ನಿಮಗ ಬರೇ ನೋಡಾಕ ಬರ್ತದ. ಒಂದ ಗೆರಿ ಸರಸಬೇಕಂದ್ರೂ ಅವರನ್ನ ಕೇಳಬೇಕು. ಮಷೀನಿಗಿ ಕೊಡೋ ಫೈಲೂ ಅವರ ಕಳಸಬೇಕು. ವಿಚಾರ ಮಾಡ್ರಿ."

"ಮಾಡೀನಿ."

"ಒಮ್ಮೆ ಬಿಟ್ಟು ಕೊಟ್ರ ನೀವಾಗಿ ತಿರುಗಿ ತಗೊಳಾಕ ಬರಂಗಿಲ್ಲ ಮತ್ತ."

"ಬರಬಾರದು. ಅದಕ್ಕ ಕೇಳಾಕತ್ತೀನಿ."

ಅವನು ದಾರಿ ಹೇಳಿಕೊಟ್ಟ. ನಾನೇ ಒಳಗೆ ಹೋಗಿ ಬಿಟ್ಟುಕೊಡಬೇಕು. ಆಮೇಲೆ ಅವಳ ಫೋನಿಗೆ ನಂಬರು ಬರುತ್ತದೆ, ಅದನ್ನು ಅವಳು ಹೇಳಿದರೆ ಮಾತ್ರ ಹೆಸರು ಬದಲಾಗುತ್ತದೆ.

ಸುದ್ದಿ ಸೋದರಮಾವನ ಕಿವಿಗೆ ಹೋಯಿತು. ಶೆಡ್ಡಿಗೆ ಬಂದು, ನಿಂತುಕೊಂಡೇ ಶುರು ಮಾಡಿದ.

"ಕೊಟ್ಟ ಮನಿ ಹೆಣ್ಣಿನ ಕೈಗಿ ಅಂಗಡಿ ಕೀಲಿಕೈ ಕೊಡ್ತೀಯಂತ? ನಾಳೆ ಆಕಿ ಗಂಡ ಬಂದು ಕುಂತ್ರ ಏನ ಮಾಡ್ತಿ?"

"ಚಹಾ ಕೊಡ್ತೀನಿ ಮಾವಾ. ನೀ ಕುಂದರು, ನಿನಗೂ ಕೊಡ್ತೀನಿ."

"ನಗೀ ಮಾಡಬ್ಯಾಡ. ಮಂದಿ ಏನಂತಾರ? ತಂಗೀನ್ನ ಕೇಳಿ ಬಾಗಲ ಮಾಡೋ ಗಂಡಸು ಅಂತಾರ."

"ಅನ್ಲಿ. ಇಷ್ಟ ದಿನ ತಂಗಿ ಗೆರಿಗಿ ರುಮಾಲ ಸುತ್ತಿಕೊಂಡಾಗ ಯಾಕ ಅನ್ನಲಿಲ್ಲ ಅವರು? ಅವಾಗ ನೀ ಯಾಕ ಬರಲಿಲ್ಲ?"

ಮಾವ ಚಹಾ ಕುಡಿಯದೇ ಹೋದ. ಇನ್ನೂ ನಮ್ಮ ಮನೆಗೆ ಸರಿಯಾಗಿ ಬರುವುದಿಲ್ಲ. ಬರದಿದ್ದರೆ ಬೇಡ. ಈಗ ಶೆಡ್ಡಿಗೆ ಬಂದವರು ಗೆರೆ ತಿದ್ದಿಕೊಡಿ ಎಂದರೆ ನಾನು ಅವರ ಎದುರಿಗೇ ಸುರಪುರಕ್ಕೆ ಫೋನ್ ಮಾಡುತ್ತೇನೆ. ಅವಳು ಕೂಸಿಗೆ ಉಣಿಸುತ್ತಿದ್ದರೆ ಕಾಯುತ್ತೇನೆ, ಗಿರಾಕಿಗಳನ್ನೂ ಕಾಯಿಸುತ್ತೇನೆ. ಒಬ್ಬಿಬ್ಬರು ನಕ್ಕು ಎದ್ದು ಹೋಗಿದ್ದಾರೆ. ಹೋಗಲಿ. ಬಾಗಿಲು ಯಾರ ಕೈ ಎಂದು ಕೇಳಿದರೆ ನನಗೆ ಈಗ ಉತ್ತರ ಗೊತ್ತು, ಗಟ್ಟಿಯಾಗಿ ಹೇಳುತ್ತೇನೆ. ಯಾದಗಿರಿ ಅಂಗಡಿಯವರು ಮಾತ್ರ ಅವಳನ್ನು ಮತ್ತೆ ಕರೆಯಲಿಲ್ಲ. ನಾನೇ ಹೋಗಿ ಹೇಳಿ ಬಂದೆ, ತಪ್ಪು ನನ್ನದು ಎಂದು. ಬೇರೆಯವರಿಗೆ ಕೆಲಸ ಕೊಟ್ಟಾಗಿದೆ ಎಂದರು. ಅದನ್ನು ನಾನು ತಿರುಗಿಸಿ ತರಲಾರೆ. ಕೊರೆದುಹೋದ ಕಟ್ಟಿಗೆ ಮತ್ತೆ ತುಂಬಿಕೊಳ್ಳುವುದಿಲ್ಲ.

ಆದರೆ ಇವೆಲ್ಲ ಆಮೇಲಿನ ಮಾತು. ಮಾವ ಬಂದು ಹೋದ ಮರುದಿನವೇ ನಾನು ಸುರಪುರದ ಬಸ್ಸು ಹತ್ತಿದೆ.

ಏರು ಓಣಿಯಲ್ಲಿ ಅವಳ ಮನೆ. ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ, "ಬಾ ಅಣ್ಣಾ, ಅವ್ವ ಆರಾಮ ಅದಾಳ?" ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಲ್ಯಾಪ್‌ಟಾಪು ಗೋಡೆಯ ಗೂಡಿನಲ್ಲಿತ್ತು, ಮೇಲೆ ಕೂಸಿನ ದುಪ್ಪಟಿ ಹೊದಿಸಿದ್ದಳು. ಕೇಳಿ ತೆಗೆದುಕೊಂಡೆ. ಒಲೆಯಿಂದ ಸ್ವಲ್ಪ ದೂರ, ನೆಲದ ಮೇಲೆ ಕೂತು ತೆರೆದೆ. ನಂಬರು ನನ್ನ ಫೋನಿಗೆ ಬಂತು. ಒಂದೊಂದೇ ಅಂಕಿ ಹುಡುಕಿ ಒತ್ತಿದೆ. ಕಲಬುರಗಿಯವನು ಹೇಳಿಕೊಟ್ಟ ದಾರಿಯಲ್ಲಿ ಒಳಗೆ ಹೋಗಿ, ನನ್ನ ಹೆಸರಿದ್ದಲ್ಲಿ ಅವಳ ಹೆಸರು, ನನ್ನ ನಂಬರಿದ್ದಲ್ಲಿ ಅವಳ ನಂಬರು ಹಾಕಿದೆ. ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡಿದ್ದೆ.

ಗೂಡಿನಲ್ಲಿದ್ದ ಅವಳ ಫೋನು ಟಿಣ್ ಎಂದಿತು.

"ನಿನ್ನ ಫೋನಿಗಿ ನಂಬರ್ ಬಂದದ ತಂಗಿ. ಅದನ್ನ ಹೇಳು. ಇವತ್ತಿನಿಂದ ಪ್ರಾಜೆಕ್ಟ್ ನಿಂದ, ನಿನ್ನ ಒಬ್ಬಾಕೀದ. ನಾ ಬರೇ ನೋಡಾಂವ."

"ಕೈ ಹಿಟ್ಟಾಗ್ಯಾವ" ಎಂದಳು.

ಕಾದೆ. ಅವಳು ರೊಟ್ಟಿ ತಟ್ಟಿ ಹಂಚಿಗೆ ಹಾಕಿದಳು. ನೀರು ಸವರಿದಳು. ತಿರುವಿ ಹಾಕಿದಳು. ಇನ್ನೊಂದು ಉಂಡೆ ತೆಗೆದುಕೊಂಡಳು. ನಂಬರಿಗೆ ಇಷ್ಟೇ ಹೊತ್ತು ಎಂದು ಆಯುಷ್ಯವಿರುತ್ತದೆ. ತೆರೆಯ ಮೇಲೆ ಅದು ತೀರಿ ಹೋಯಿತು. ಮತ್ತೆ ಕಳಿಸು ಅನ್ನುವುದನ್ನು ಒತ್ತಿದೆ. ಮತ್ತೆ ಟಿಣ್ ಎಂದಿತು.

"ಬಂದದ" ಎಂದೆ.

"ಬರ್ಲಿ."

"ಹೊತ್ತ ಮೀರ್ತದವಾ."

"ಮೀರ್ಲಿ. ಯಾದಗಿರ್ಯಾಗೂ ಮೀರಿತ್ತು."

ಅವಳ ಫೋನು ನನ್ನಿಂದ ಒಂದು ಕೈ ದೂರದಲ್ಲಿತ್ತು. ಎದ್ದರೆ ಸಿಗುತ್ತಿತ್ತು. ಅವಳು ಬೇಡ ಎನ್ನುತ್ತಿರಲಿಲ್ಲ ಎಂದು ತೋರುತ್ತದೆ. ಆದರೆ ನಾನು ಅದನ್ನು ಮುಟ್ಟಲಿಲ್ಲ. ಅವಳ ಫೋನು, ಅವಳ ನಂಬರು.

ಅವಳು ಕೈಯ ಹಿಟ್ಟನ್ನು ಉದುರಿಸಿ, ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿ ಕೂತಳು.

"ಹೆಸರ ಆಮ್ಯಾಲ ಹಾಕೀಯಂತ. ಅವತ್ತ ನಿನ್ನ ಫೋನ ಎಲ್ಲಿತ್ತು, ಅದನ್ನ ಹೇಳು ಮೊದಲ."

ಚಾರ್ಜಿಗೆ ಎಂಬ ಮಾತು ಬಾಯಿಯ ತುದಿಯಲ್ಲಿ ಬಂದು ನಿಂತಿತ್ತು. ಅಷ್ಟು ದಿನ ಹೇಳಿ ಹೇಳಿ ಅದು ನನಗೇ ನಿಜದಂತೆ ಆಗಿಬಿಟ್ಟಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿ, ಹೊಗೆಯಾಡಿತು. ಅವಳು ಅದನ್ನು ತೆಗೆಯಲಿಲ್ಲ. ನಾನೇ ಎದ್ದು ಬರಿಗೈಯಿಂದ ತೆಗೆದು ಬುಟ್ಟಿಗೆ ಹಾಕಿ, ಅಲ್ಲೇ ಅವಳ ಎದುರಿಗೆ ಕೂತೆ.

"ಚಾರ್ಜಿಗಿ ಇದ್ದಿಲ್ಲ. ನನ್ನ ಕೈಯಾಗ ಇತ್ತು. ನಂಬರೂ ಬಂದಿತ್ತು, ನಿನ್ನ ಫೋನೂ ಬಂದಿತ್ತು, ಎಲ್ಲಾ ನೋಡಾಕತ್ತಿದ್ದೆ. ಬೇಕಂತನ ಎತ್ತಲಿಲ್ಲ. ಗೆರಿ ನಿಂದಂತ ನನಗ ಮೊದಲಿಂದ ಗೊತ್ತಿತ್ತು. ತಪ್ಪ ಮಾಡೀನಿ ತಂಗಿ. ತಪ್ಪಾಗ್ಯಾದ ನನ್ನಿಂದ."